ಹದಿನೇಳು ದೇಶ ಬೇಡ, ಎಂಟು ಹಾಡು ಸಾಕು

ಪುಟ್ಟ, ನಿನ್ನ ಪಟ್ಟಿ ಬಂತು. ಕಾಲೇಜಿನ ಬಾನುಲಿಯಲ್ಲಿ ಶನಿವಾರ ರಾತ್ರಿಯ ಒಂದು ಗಂಟೆಯನ್ನು ನಿನಗೇ ಬಿಟ್ಟುಕೊಟ್ಟಿದ್ದಾರೆ ಅಂತ ಕೇಳಿ ಖುಷಿಯಾಯಿತು. ಆಂಧ್ರದ ಮಂಗಳಗಿರಿಯಲ್ಲಿ ಕೂತು ಮಾಲಿ, ಪೋರ್ಚುಗಲ್, ಇಥಿಯೋಪಿಯಾ, ಕ್ಯೂಬಾದ ಸಂಗೀತ ಕೇಳಿಸುವ ಹುಮ್ಮಸ್ಸು ಎಲ್ಲ ಹುಡುಗರಿಗೂ ಬರುವುದಿಲ್ಲ. ಆದರೆ ಅರವತ್ತು ನಿಮಿಷಕ್ಕೆ ಹದಿನೇಳು ಹಾಡು, ಹದಿನೇಳು ದೇಶ! ಹಾಡಿಗೆ ಮೂರೂವರೆ ನಿಮಿಷ ಅಂತ ಹಿಡಿದರೂ ಗಂಟೆ ತುಂಬಿಹೋಯಿತು. ನೀನು ಬಾಯಿ ತೆರೆಯುವುದು ಯಾವಾಗ? ಕೇಳುವವರು ಉಸಿರು ಬಿಡುವುದು ಯಾವಾಗ?

ಇದನ್ನು ಫೋನಿನಲ್ಲಿ ಹೇಳಿ ಮುಗಿಸಬಹುದಿತ್ತು. ಫೋನಿನಲ್ಲಿ ಹೇಳಿದ್ದಕ್ಕೆಲ್ಲ ನೀನು ‘ಹ್ಞೂಂ ಅತ್ತೆ’ ಅನ್ನುತ್ತೀಯ, ಆಮೇಲೆ ಮರೆಯುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ. ಮೈಸೂರು ಆಕಾಶವಾಣಿಯಲ್ಲಿ ನಾನು ಖಾಯಂ ನೌಕರಿಯವಳಾಗಿರಲಿಲ್ಲ, ಕ್ಯಾಶುಯಲ್ ಅನೌನ್ಸರ್. ತಿಂಗಳಿಗೆ ಆರು ಡ್ಯೂಟಿಗಿಂತ ಹೆಚ್ಚು ಕೊಡುವ ಪದ್ಧತಿ ಇರಲಿಲ್ಲ. ಆದರೂ ಮೈಕಿನ ಮುಂದೆ ವರ್ಷಗಟ್ಟಲೆ ಕೂತ ಮೇಲೆ ಒಂದು ಮಾತು ಧೈರ್ಯವಾಗಿ ಹೇಳಬಲ್ಲೆ. ಹಾಡು ಬೇಕೆಂದವರಿಗೆ ಹಾಡು ಎಲ್ಲಿಯಾದರೂ ಸಿಗುತ್ತದೆ. ಒಂದು ಹಾಡಿನಿಂದ ಇನ್ನೊಂದಕ್ಕೆ ಯಾರಾದರೂ ದಾಟಿಸಲಿ ಅಂತಲೇ ಜನ ಬಾನುಲಿ ಹಚ್ಚುವುದು. ನಿನ್ನ ಕೆಲಸ ಇರುವುದು ಎರಡು ಹಾಡುಗಳ ನಡುವಿನ ಆ ಅರ್ಧ ನಿಮಿಷದಲ್ಲಿ. ನಿನ್ನ ಪಟ್ಟಿಯಲ್ಲಿ ಅದಕ್ಕೆ ಜಾಗವೇ ಇಲ್ಲ.

ಹಾಡು ಪೇರಿಸುವ ಲೆಕ್ಕಕ್ಕೆ ಬಂದರೆ ನಿನ್ನ ಫೋನಿನ ಆ್ಯಪ್ ನಿನಗಿಂತ ಹೆಚ್ಚು ಬಲ್ಲದು. ಒಂದು ಹಾಡು ಮೆಚ್ಚಿದರೆ ಅದೇ ಜಾತಿಯ ಇನ್ನೂ ಐವತ್ತು ತಂದು ಸುರಿಯುತ್ತದೆ. ಅದಕ್ಕೂ ಮುಂಚೆ ವರ್ಲ್ಡ್‌ಸ್ಪೇಸ್ ಅಂತ ಒಂದು ಉಪಗ್ರಹ ಬಾನುಲಿ ಇತ್ತು, ನಿನಗೆ ಗೊತ್ತಿರಲಿಕ್ಕಿಲ್ಲ. ಭಾರತದಲ್ಲಿ ಬೆಂಗಳೂರಿನಿಂದ ನಡೆಯುತ್ತಿತ್ತು. ಕರ್ನಾಟಕ ಸಂಗೀತಕ್ಕೆ ‘ಶ್ರುತಿ’, ಹಿಂದೂಸ್ತಾನಿಗೆ ‘ಗಾಂಧರ್ವ’, ಕನ್ನಡಕ್ಕೆ ‘ಸ್ಪರ್ಶ’, ಜಾಝ್‌ಗೆ ಮತ್ತೊಂದು, ಹೀಗೆ ಒಂದೊಂದಕ್ಕೂ ಬೇರೆ ಬೇರೆ ವಾಹಿನಿ. ಚಂದಾ ಕಟ್ಟಬೇಕು, ಆಂಟೆನಾವನ್ನು ಕಿಟಕಿಯ ಹತ್ತಿರ ದಿಕ್ಕು ನೋಡಿ ಕೂರಿಸಬೇಕು. 2009ರ ಡಿಸೆಂಬರ್ 31ಕ್ಕೆ ಎಲ್ಲ ನಿಂತಿತು. ಧ್ವನಿ ಬಲು ಸ್ವಚ್ಛವಾಗಿತ್ತು, ಆಯ್ಕೆಯೂ ಚೆನ್ನಾಗಿತ್ತು. ಆದರೆ ‘ಶ್ರುತಿ’ ಕೇಳುವವರು ‘ಶ್ರುತಿ’ಯಲ್ಲೇ ಉಳಿದರು, ಜಾಝ್‌ನವರು ಜಾಝ್‌ನಲ್ಲೇ. ಒಂದು ಕೋಣೆಯವರನ್ನು ಇನ್ನೊಂದು ಕೋಣೆಗೆ ಕರೆದೊಯ್ಯುವವರು ಯಾರೂ ಇರಲಿಲ್ಲ. ನಿನಗೆ ಸಿಕ್ಕಿರುವ ಗಂಟೆ ಆ ಕೆಲಸಕ್ಕೆ.

ನಿನ್ನ ಪಟ್ಟಿ ಮಾಲಿಯಿಂದ ಶುರುವಾಗುತ್ತದೆ. ಬೇಡ, ಕಾಜದಿಂದ ಶುರು ಮಾಡು. ಹೌದು, ಗುಂಟೂರಿಗೆ ಹೋಗುವಾಗ ಟೋಲ್‌ ಕಟ್ಟುತ್ತೀರಲ್ಲ, ಅದೇ ಕಾಜ. ನಾರಾಯಣ ತೀರ್ಥರ ಊರು ಅದು ಎಂದು ನಂಬುತ್ತಾರೆ. 17ನೇ ಶತಮಾನದಲ್ಲಿ ಅವರು ಸಂಸ್ಕೃತದಲ್ಲಿ ರಚಿಸಿದ ಶ್ರೀಕೃಷ್ಣಲೀಲಾ ತರಂಗಿಣಿ ಅತ್ತ ತಂಜಾವೂರು ಸೀಮೆಯ ವರಗೂರಿನಲ್ಲಿ ನೆಲೆಯೂರಿ ಭಜನೆ ಗೋಷ್ಠಿಯ ಹಾಡಾಯಿತು. ಇತ್ತ ಕೃಷ್ಣಾ ಜಿಲ್ಲೆಯ ಕೂಚಿಪೂಡಿಯಲ್ಲಿ ಹಿತ್ತಾಳೆ ತಟ್ಟೆಯ ಅಂಚಿನ ಮೇಲೆ ಕಾಲೂರಿ ಕುಣಿಯುವ ತರಂಗವಾಯಿತು. ನಿನ್ನ ಹಾಸ್ಟೆಲಿನಿಂದ ಆಟೋದಲ್ಲಿ ಹೋಗಿಬರುವಷ್ಟು ದೂರದ ಊರಿಗೆ ಸೇರಿದ ಕೃತಿ ಊರೂರಿಗೆ ಹೋಗಿ ಬೇರೆ ಬೇರೆ ವೇಷ ತೊಟ್ಟಿದೆ. ಸಂಗೀತ ಊರು ಬಿಟ್ಟು ಊರಿಗೆ ಹೋಗುತ್ತದೆ ಎನ್ನುವುದನ್ನು ತಿಳಿಸಲು ಇದಕ್ಕಿಂತ ಹತ್ತಿರದ ಉದಾಹರಣೆ ಬೇಕೆ? ಮೊದಲು ಭಜನೆ ಗೋಷ್ಠಿಯ ತರಂಗ ಎರಡು ನಿಮಿಷ, ಅದರ ಬೆನ್ನಿಗೆ ಕೂಚಿಪೂಡಿ ಮೇಳದ ಮೃದಂಗ, ನಟುವಾಂಗದ ಜೊತೆಗಿನ ತರಂಗ. ಮಂಗಳಗಿರಿಯವರಿಗೆ ‘ಇದು ನಮ್ಮದೇ’ ಅನ್ನಿಸಿದ ಮೇಲೆ ನೀನು ಅವರನ್ನು ಎಲ್ಲಿಗೆ ಕರೆದರೂ ಬರುತ್ತಾರೆ.

ಅಲ್ಲಿಂದ ವಿಜಯವಾಡಕ್ಕೆ ಬಾ. ಆ ಊರಿನ ಆಕಾಶವಾಣಿ 1948ರ ಡಿಸೆಂಬರ್ 1ರಂದು ಶುರುವಾದದ್ದು. ಬಾಲಾಂತ್ರಪು ರಜನೀಕಾಂತ ರಾವ್, ಮಂಗಳಂಪಲ್ಲಿ ಬಾಲಮುರಳಿಕೃಷ್ಣ ಇಬ್ಬರೂ ಕೆಲಸ ಮಾಡಿದ ನಿಲಯ ಅದು. ಅಲ್ಲಿನ ಬೆಳಗಿನ ಭಕ್ತಿರಂಜನಿ ಕೇಳಿ ಬೆಳೆದವರು ನಿನ್ನ ಕಾಲೇಜಿನ ಅಧ್ಯಾಪಕರಲ್ಲಿ, ಕ್ಯಾಂಟೀನಿನವರಲ್ಲಿ ಖಂಡಿತ ಇರುತ್ತಾರೆ, ಕೇಳಿ ನೋಡು. ಅದೇ ಬಾಲಮುರಳಿಯವರಿಗೆ 1975ರಲ್ಲಿ ಹಿನ್ನೆಲೆ ಗಾಯನಕ್ಕೆ ರಾಷ್ಟ್ರಪ್ರಶಸ್ತಿ ಬಂದದ್ದು ಜಿ.ವಿ. ಅಯ್ಯರ್ ಅವರ ಕನ್ನಡ ಚಿತ್ರ ‘ಹಂಸಗೀತೆ’ಗೆ. ಈ ಸಂಗತಿ ನಿನ್ನ ತೆಲುಗು ಗೆಳೆಯರಲ್ಲಿ ಅರ್ಧ ಜನಕ್ಕೆ ಗೊತ್ತಿರುವುದಿಲ್ಲ, ಕನ್ನಡದವನಾದ ನಿನಗೂ ಗೊತ್ತಿತ್ತೋ ಇಲ್ಲವೋ. ಆ ಚಿತ್ರದ ಹಾಡೊಂದನ್ನು ಹಾಕಿದರೆ ತೆಲುಗಿನಿಂದ ಕನ್ನಡಕ್ಕೆ ದಾಟಿದಂತಾಯಿತು, ಒಂದೇ ಒಂದು ವಾಕ್ಯದ ಖರ್ಚಿನಲ್ಲಿ.

ಮುಂದಿನ ದಾಟು ವಾದ್ಯದ್ದಾಗಲಿ. ಮ್ಯಾಂಡೋಲಿನ್ ಇಟಲಿಯ ವಾದ್ಯ. ಅದನ್ನು ಕರ್ನಾಟಕ ಸಂಗೀತದ ಕಛೇರಿಗೆ ತಂದ ಯು. ಶ್ರೀನಿವಾಸ್ ಪಾಲಕೊಲ್ಲಿನಲ್ಲಿ ಹುಟ್ಟಿದವರು, ನಿಮ್ಮ ಗೋದಾವರಿ ಸೀಮೆಯವರು. ಅವರನ್ನು ಐದು ನಿಮಿಷ ನುಡಿಸಲು ಬಿಟ್ಟು, ಆಮೇಲೆ ಕದ್ರಿ ಗೋಪಾಲನಾಥರ ಸ್ಯಾಕ್ಸೊಫೋನ್ ತಾ. ಅದರ ಹಿಂದೆಯೇ ಇನ್ನೊಂದು ಸ್ಯಾಕ್ಸೊಫೋನ್. ಈ ಎರಡರ ನಡುವೆ ಏನು ಹೇಳಬೇಕು ಅಂತ ನಾನೇ ಬರೆದು ತೋರಿಸುತ್ತೇನೆ, ತೆಲುಗಿಗೆ ನೀನು ತಿರುಗಿಸಿಕೊ:

‘ಈಗ ಕೇಳಿದ್ದು ಕದ್ರಿ ಗೋಪಾಲನಾಥ್. ಬಂಟ್ವಾಳದ ಹತ್ತಿರದ ಸಜೀಪಮೂಡದವರು, ನಾಗಸ್ವರ ನುಡಿಸುವವರ ಮನೆಯ ಹುಡುಗ. ಮೈಸೂರು ಅರಮನೆಯ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದರು. ಮುಂದಿನದರಲ್ಲೂ ಅವರಿದ್ದಾರೆ, ಜೊತೆಗೆ ಇನ್ನೊಬ್ಬರು: ರುದ್ರೇಶ್ ಮಹಂತಪ್ಪ. ಮನೆಯವರು ಕರ್ನಾಟಕದ ಮೂಲದವರು, ಅವರು ಬೆಳೆದದ್ದು ಅಮೆರಿಕದಲ್ಲಿ, ನುಡಿಸುವುದು ಜಾಝ್. 2008ರ ಕಿನ್ಸ್‌ಮೆನ್ ಆಲ್ಬಮ್ಮಿನಿಂದ.’

ಅಷ್ಟೇ. ಗಡಿಯಾರ ಇಟ್ಟುಕೊಂಡು ನಿಧಾನವಾಗಿ ಓದು, ಅರ್ಧ ನಿಮಿಷದ ಆಚೀಚೆ ಬರುತ್ತದೆ. ಇದರಲ್ಲಿ ‘ಅದ್ಭುತ’ ಇಲ್ಲ, ‘ಮಾಂತ್ರಿಕ’ ಇಲ್ಲ, ‘ಗಡಿಗಳನ್ನು ಮೀರಿದ’ ಇಲ್ಲ. ಊರಿದೆ, ಹೆಸರಿದೆ, ಒಂದು ಕಾರಣ ಇದೆ. ಕೇಳುವವರ ಕಿವಿ ಈಗ ಒಂದು ಕೆಲಸಕ್ಕೆ ಸಿದ್ಧ: ಎರಡು ಸ್ಯಾಕ್ಸೊಫೋನಿನಲ್ಲಿ ಯಾವುದು ಮಂಗಳೂರು ಕಡೆಯದು, ಯಾವುದು ಅಮೆರಿಕದ್ದು ಅಂತ ತಾವೇ ಹುಡುಕುತ್ತಾರೆ. ಗಮಕ ಎಲ್ಲಿ ಜಾರುತ್ತದೆ, ಜಾಝ್‌ನವರ ಸ್ವರ ಎಲ್ಲಿ ಚೂಪಾಗಿ ತಿರುಗುತ್ತದೆ ಅಂತ ಅವರಿಗೇ ಕೇಳಿಸುತ್ತದೆ. ಅದನ್ನೂ ನೀನೇ ಹೇಳಿಬಿಟ್ಟರೆ ಅವರಿಗೆ ಉಳಿಯುವುದೇನು? ನಿಮ್ಮ ಬೆಟ್ಟದ ಪಾನಕಾಲ ನರಸಿಂಹಸ್ವಾಮಿ ಭಕ್ತರು ಹೊಯ್ದ ಪಾನಕದಲ್ಲಿ ಅರ್ಧ ಕುಡಿದು ಉಳಿದರ್ಧವನ್ನು ಪ್ರಸಾದವಾಗಿ ಹಿಂದಿರುಗಿಸುತ್ತಾನೆ ಎನ್ನುತ್ತಾರಲ್ಲ, ನೀನು ಓದಿ ತಿಳಿದದ್ದರಲ್ಲೂ ಅರ್ಧವನ್ನು ನುಂಗಿಕೊ. ಇನ್ನರ್ಧ ಸಾಕು.

ಆದರೆ ಪೂರ್ತಿ ಓದಿರಬೇಕು, ನೆನಪಿಟ್ಟುಕೊ. ನುಂಗಿಕೊಳ್ಳುವುದಕ್ಕಾದರೂ ಇರಬೇಕಲ್ಲ.

ಕದ್ರಿಯವರ ಬಗ್ಗೆ ಹೇಳಬಹುದಾಗಿದ್ದೂ ನಾನು ಬಿಟ್ಟ ಒಂದು ಸಂಗತಿ ಇದೆ. 1994ರಲ್ಲಿ ಅವರು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್‌ನಲ್ಲಿ, ಬಿಬಿಸಿಯವರ ಪ್ರಾಮ್ಸ್ ಉತ್ಸವದಲ್ಲಿ ನುಡಿಸಿದರು. ಅದೇ ಸಭಾಂಗಣದಲ್ಲಿ 1950ರ ಮೇ 22ರಂದು ಜರ್ಮನ್ ಸಂಗೀತಗಾರ ರಿಚರ್ಡ್ ಸ್ಟ್ರಾಸ್ ಸಾಯುವ ಮುನ್ನ ಬರೆದಿಟ್ಟ ನಾಲ್ಕು ಹಾಡುಗಳ ಮೊದಲ ಪ್ರದರ್ಶನ ನಡೆಯಿತು. ಹಾಡಿದವರು ನಾರ್ವೆಯ ಕಿರ್ಸ್ಟನ್ ಫ್ಲಾಗ್‌ಸ್ಟಾಡ್, ವಾದ್ಯವೃಂದ ನಡೆಸಿದವರು ಫುರ್ಟ್‌ವೆಂಗ್ಲರ್. ಖರ್ಚಿಗೆ ನಿಂತವರು ಯಾರು ಗೊತ್ತೆ? ನಮ್ಮ ಜಯಚಾಮರಾಜ ಒಡೆಯರು. ಅವರು ಅಂದು ಲಂಡನ್ನಿನಲ್ಲಿ ಇರಲಿಲ್ಲ, ಮೈಸೂರಿನಲ್ಲಿ ಕೇಳಲಿ ಅಂತ ಆ ಕಛೇರಿಯನ್ನು ಅವರಿಗಾಗಿ ಮುದ್ರಿಸಿಕೊಂಡರು. ಲಂಡನ್ನಿನಲ್ಲಿ ಬಡತನದಲ್ಲಿದ್ದ ರಷ್ಯಾದ ನಿಕೊಲಾಯ್ ಮೆಟ್ನರ್ ಎಂಬ ಪಿಯಾನೊ ಸಂಗೀತಗಾರನ ಕೃತಿಗಳ ಧ್ವನಿಮುದ್ರಣಕ್ಕೂ ಇವರೇ ಹಣ ಕೊಟ್ಟರು. ಆತ ತನ್ನ ಮೂರನೇ ಪಿಯಾನೊ ಕಂಚರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಇತ್ತ ಶ್ರೀವಿದ್ಯಾ ಅಂಕಿತದಲ್ಲಿ ಕರ್ನಾಟಕ ಸಂಗೀತದ ಕೃತಿ ರಚಿಸುತ್ತಿದ್ದವರೂ ಇದೇ ಅರಸರು.

ಇದನ್ನೆಲ್ಲ ಯಾಕೆ ಹೇಳಿದೆ ಅಂದರೆ, ಪರದೇಶದ ಸಂಗೀತ ಕೇಳುವುದು ನಿಮ್ಮ ತಲೆಮಾರಿನ ಹೊಸ ಶೋಕಿ ಅಂತ ನಿನಗೆ ಅನ್ನಿಸಬಾರದು. ಬಾನುಲಿಯ ಕಥೆಯೂ ಹಾಗೇ. ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರ ಹೇಳುತ್ತಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರಿನಲ್ಲಿ ಮೈಸೂರಿನ ತಮ್ಮ ಮನೆಯಲ್ಲೇ 30 ವ್ಯಾಟ್‌ನ ಟ್ರಾನ್ಸ್‌ಮಿಟರ್ ಇಟ್ಟು ಪ್ರಸಾರ ಶುರು ಮಾಡಿದರು. ಒಂದು ಬಲ್ಬಿನಷ್ಟು ವಿದ್ಯುತ್ತು. ಇಡೀ ದೇಶದ ಬಾನುಲಿ ಇವತ್ತು ಹೊತ್ತಿರುವ ಆಕಾಶವಾಣಿ ಎಂಬ ಹೆಸರು ಆ ಮನೆಯಿಂದ ಬಂದದ್ದು. ನಿನ್ನ ಕಾಲೇಜಿನ ಸ್ಟುಡಿಯೋ ಸಣ್ಣದು, ಗೋಡೆಗೆ ಅಂಟಿಸಿದ ಫೋಮ್ ಕಿತ್ತುಬರುತ್ತಿದೆ ಅಂತೆಲ್ಲ ಗೊಣಗುತ್ತಿದ್ದೆಯಲ್ಲ, ಅದಕ್ಕೆ ಇದು ಉತ್ತರ.

ಇನ್ನು ಆಕಾಶವಾಣಿಯ ಆ ಪರಿಚಯ ಸಂಗೀತ, ಬೆಳಿಗ್ಗೆ ಪ್ರಸಾರ ಶುರುವಾಗುವ ಮುಂಚೆ ತಂಬೂರಿಯ ಮೇಲೆ ಪಿಟೀಲು ಹರಿಯುತ್ತದಲ್ಲ, ಅದನ್ನು ಮಾಡಿದವರು ವಾಲ್ಟರ್ ಕೌಫ್‌ಮನ್. ಯುರೋಪಿನಲ್ಲಿ ಯಹೂದಿಗಳ ಬದುಕು ಕಷ್ಟವಾಗುತ್ತಿದ್ದ ಕಾಲದಲ್ಲಿ, 1934ರಲ್ಲಿ ಮುಂಬಯಿಗೆ ಬಂದು, ಅಲ್ಲಿನ ಆಕಾಶವಾಣಿಯಲ್ಲಿ ಕೆಲಸ ಮಾಡಿದವರು. ನಮ್ಮ ಅಜ್ಜಿಯರು ಅದನ್ನು ಕೇಳಿಯೇ ಒಲೆ ಹಚ್ಚುತ್ತಿದ್ದರು, ಯಾರು ಮಾಡಿದ್ದು ಅಂತ ಯಾರೂ ಕೇಳಲಿಲ್ಲ. ಇದೇ ಸಂಸ್ಥೆ 1940ರಲ್ಲಿ ಹಾರ್ಮೋನಿಯಮ್ಮನ್ನು ಪರದೇಶಿ ವಾದ್ಯ, ಗಮಕಕ್ಕೆ ಒಗ್ಗದು ಎಂದು ಹೊರಗಿಟ್ಟಿತು. ಮೂರು ದಶಕ ಆ ನಿಷೇಧ ನಡೆಯಿತು. ಅಷ್ಟೂ ವರ್ಷ ನಮ್ಮ ಕಂಪನಿ ನಾಟಕದವರು ಹಾರ್ಮೋನಿಯಂ ಕಾಲಲ್ಲಿ ತುಳಿಯುತ್ತ ಊರೂರಲ್ಲಿ ಕಂದಪದ್ಯ ಹಾಡಿಸುತ್ತಲೇ ಇದ್ದರು. ಯಾವುದು ನಮ್ಮದು, ಯಾವುದು ಪರರದ್ದು ಅಂತ ಮೇಜಿನ ಹಿಂದೆ ಕೂತು ತೀರ್ಮಾನ ಮಾಡಿದವರ ಮಾತು ಬಹಳ ದಿನ ನಿಲ್ಲುವುದಿಲ್ಲ. ನಿನ್ನ ಪಟ್ಟಿಯಲ್ಲೂ ‘ಶುದ್ಧ ಆಫ್ರಿಕನ್’ ಅಂತ ಒಂದು ಕಡೆ ಬರೆದಿದ್ದೀಯ. ಆ ಪದ ಹೊಡೆದುಹಾಕು.

ಆಫ್ರಿಕಾದ ಮಾತು ಬಂತು ಅಂತ ಹೇಳುತ್ತೇನೆ. ಮಾಲಿಗೆ ಹಾರುವ ಮುಂಚೆ ಯಲ್ಲಾಪುರ, ಹಳಿಯಾಳ, ಮುಂಡಗೋಡಕ್ಕೆ ಹೋಗು. ಪೋರ್ಚುಗೀಸರ ಕಾಲದಲ್ಲಿ ಗುಲಾಮರಾಗಿ ಆಫ್ರಿಕಾದಿಂದ ಬಂದವರ ಮಕ್ಕಳು ಮೊಮ್ಮಕ್ಕಳು, ನಮ್ಮ ಸಿದ್ದಿಯರು, ಅಲ್ಲಿನ ಕಾಡಂಚಿನಲ್ಲಿ ಡಮಾಮಿ ಬಾರಿಸಿ ಹಾಡಿ ಕುಣಿಯುತ್ತಾರೆ. ಹಾಡಿನ ಮಾತು ಕೊಂಕಣಿ, ಕನ್ನಡ. ಆ ಡೋಲಿನ ಪಕ್ಕದಲ್ಲಿ ಮಾಲಿಯ ತೂಮಾನಿ ಜಬಾಟೆ ನುಡಿಸಿದ ಕೋರಾ ಇಟ್ಟು ನೋಡು. ಅರ್ಧ ಸೋರೆಬುರುಡೆಗೆ ಚರ್ಮ ಬಿಗಿದು ಇಪ್ಪತ್ತೊಂದು ತಂತಿ ಕಟ್ಟಿದ ವಾದ್ಯ ಅದು. ‘ಎರಡೂ ಒಂದೇ ರಕ್ತದ ಸಂಗೀತ’ ಅಂತೆಲ್ಲ ಹೇಳಲು ಹೋಗಬೇಡ. ಸಿದ್ದಿಯರ ಹಿರಿಯರು ಬಂದದ್ದು ಹೆಚ್ಚಾಗಿ ಪೂರ್ವ ಆಫ್ರಿಕಾ ಕಡೆಯಿಂದ, ಮಾಲಿ ಪಶ್ಚಿಮದಲ್ಲಿದೆ, ನಡುವೆ ಇಡೀ ಖಂಡ ಬಿದ್ದಿದೆ. ಆ ದೂರವನ್ನೇ ಹೇಳು. ಕೇಳುವವರಿಗೆ ಭೂಪಟ ಬಿಚ್ಚಿಕೊಳ್ಳುತ್ತದೆ.

ಇಲ್ಲಿ ಒಂದು ಗಟ್ಟಿ ಮಾತು. ನೀನು ಹಾಕುವ ಹಾಡನ್ನು ಯಾರು ಹಾಡಿದ್ದು, ಎಲ್ಲಿಯದು, ಯಾವ ಹೊತ್ತಿನದು ಅಂತ ಗೊತ್ತಿಲ್ಲದಿದ್ದರೆ ಹಾಕಲೇಬೇಡ. ಎಷ್ಟೇ ಇಂಪಾಗಿರಲಿ. ಯಾಕೆ ಅಂತ ಒಂದು ಕಥೆ ಹೇಳುತ್ತೇನೆ. 1970ರಲ್ಲಿ ಹ್ಯೂಗೊ ಜೆಂಪ್ ಎಂಬ ಸಂಗೀತ ಸಂಶೋಧಕ ಸಾಲೊಮನ್ ದ್ವೀಪಗಳ ಮಲೈಟಾದಲ್ಲಿ ಅಫುನಾಕ್ವಾ ಎಂಬ ಹೆಂಗಸು ಹಾಡಿದ ಜೋಗುಳವೊಂದನ್ನು ಮುದ್ರಿಸಿಕೊಂಡ. ಪೆಸಿಫಿಕ್ ಸಾಗರದ ನಡುವಿನ ದ್ವೀಪ ಅದು. 1992ರಲ್ಲಿ ಡೀಪ್ ಫಾರೆಸ್ಟ್ ಎಂಬ ಫ್ರೆಂಚ್ ಜೋಡಿ ಆ ದನಿಯನ್ನು ತೆಗೆದುಕೊಂಡು, ಕೆಳಗೆ ಯಂತ್ರದ ತಾಳ ಕೂರಿಸಿ, ‘ಸ್ವೀಟ್ ಲಲಬಿ’ ಅಂತ ಬಿಟ್ಟರು. ಜಗತ್ತಿನ ತುಂಬ ಓಡಿತು, ಜಾಹೀರಾತುಗಳಿಗೂ ಬಂತು. ಆಲ್ಬಮ್ಮಿನ ಹೆಸರಿನಲ್ಲೂ ಮಾತಿನಲ್ಲೂ ಮಧ್ಯ ಆಫ್ರಿಕಾದ ಕಾಡು, ಅಲ್ಲಿನ ಪಿಗ್ಮಿಗಳು ಅಂತಿದ್ದುದರಿಂದ ಕೇಳಿದವರು ಇದೂ ಅಲ್ಲಿಯದೇ ಅಂದುಕೊಂಡರು. ಮುಂದೆ ನಾರ್ವೆಯ ಯಾನ್ ಗಾರ್ಬಾರೆಕ್, ಸಣ್ಣವರಲ್ಲ, ದೊಡ್ಡ ಸ್ಯಾಕ್ಸೊಫೋನ್ ವಾದಕರು, ಅದೇ ಧಾಟಿಯನ್ನು 1996ರಲ್ಲಿ ‘ಪಿಗ್ಮಿ ಲಲಬಿ’ ಎಂಬ ಹೆಸರಲ್ಲೇ ನುಡಿಸಿ ಆಲ್ಬಮ್ಮಿಗೆ ಸೇರಿಸಿದರು. ಮಲೈಟಾದ ತಾಯಿಯ ಜೋಗುಳ ಸಾವಿರಾರು ಮೈಲಿ ದೂರದ, ಅದನ್ನು ಎಂದೂ ಹಾಡದ ಜನರ ಲೆಕ್ಕಕ್ಕೆ ಹೋಯಿತು. ಕೋಟಿಗಟ್ಟಲೆ ಜನ ಕೇಳಿದ ಆ ದನಿ ಯಾರದು ಅಂತ ಹೇಳಲು ಒಬ್ಬ ಬಾನುಲಿ ನಿರೂಪಕನಿಗೆ ಬೇಕಾಗಿದ್ದದ್ದು ನಾಲ್ಕು ಸೆಕೆಂಡು. ಅಫುನಾಕ್ವಾ, ಮಲೈಟಾ. ನಿನ್ನ ಗಂಟೆಯಲ್ಲಿ ಆ ನಾಲ್ಕು ಸೆಕೆಂಡು ಎಂದೂ ತಪ್ಪಬಾರದು.

ನಮ್ಮ ಕಡೆಯದನ್ನೇ ನೋಡು. ತುಳುನಾಡಿನ ಪಾಡ್ದನವನ್ನು ಯಾರೋ ಬಟ್ಟೆ ಅಂಗಡಿಯ ಜಾಹೀರಾತಿನ ಹಿನ್ನೆಲೆಗೆ ಹಾಕಿದರೆ ನಿನ್ನ ಅಮ್ಮನ ಕಡೆಯವರು ಸುಮ್ಮನಿರುತ್ತಾರಾ? ಮೊರಾಕೊದ ಗ್ನಾವಾ ರಾತ್ರಿಪೂಜೆಯ ಹಾಡು, ಸೂಫಿಗಳ ಜಿಕ್ರ್ ನಿನ್ನ ಪಟ್ಟಿಯಲ್ಲಿ ‘ಮೂಡ್‌ಗೆ’ ಅಂತ ಗುರುತು ಹಾಕಿಕೊಂಡಿದ್ದೀಯ. ಹಾಕು, ಬೇಡ ಅನ್ನುವುದಿಲ್ಲ. ಆದರೆ ಅದರ ಮೇಲೆ ಮಾತಾಡಬೇಡ, ನಡುವೆ ಕತ್ತರಿಸಬೇಡ, ಯಾವ ಹೊತ್ತಿನಲ್ಲಿ ಹಾಡುವಂಥದ್ದು ಅಂತ ಮೊದಲೇ ತಿಳಿಸು.

ಹೋಲಿಕೆ ಮಾಡುವ ಆಸೆ ಬರುತ್ತದೆ, ಅದರಲ್ಲೂ ಎಚ್ಚರ. ಸಂಗೀತ ಪಾಠಕ್ಕೆ ಹೋದ ಪ್ರತಿ ಮಗುವಿಗೂ ‘ವರವೀಣಾ’ ಗೊತ್ತು, ಮೋಹನ ರಾಗ. ಇಥಿಯೋಪಿಯಾದಲ್ಲಿ ತಿಜಿತಾ ಎಂಬ ಒಂದು ಬಗೆಯ ಹಾಡಿದೆ, ಅಗಲಿಕೆಯ ನೆನಪಿನ ಹಾಡು. ಅದರ ಒಂದು ರೂಪದಲ್ಲಿ ಬರುವುದು ಅವೇ ಐದು ಸ್ವರ: ಸ ರಿ ಗ ಪ ಧ. ಎರಡನ್ನೂ ಒಂದರ ಹಿಂದೆ ಒಂದು ಹಾಕಿದರೆ ಕೇಳುವವರ ಮುಖ ಅರಳುತ್ತದೆ. ಆದರೆ ‘ಇಥಿಯೋಪಿಯಾದ ಮೋಹನ ರಾಗ’ ಅಂತ ಹೇಳಿದೆಯೋ, ಸಂಗೀತ ಬಲ್ಲವರು ಅಲ್ಲೇ ರೇಡಿಯೋ ಆರಿಸುತ್ತಾರೆ. ಸ್ವರ ಒಂದೇ ಆದರೆ ರಾಗ ಒಂದೇ ಅಲ್ಲ. ಮೋಹನದ ಗಾಂಧಾರವನ್ನು ನಾವು ನಡೆಸುವ ರೀತಿ ಬೇರೆ, ಅಲ್ಲಿನ ಗಾಯಕ ಮಹಮೂದ್ ಅಹಮದ್ ಅಂಥವರ ಕೊರಳು ಅದೇ ಸ್ವರದ ಮೇಲೆ ನಡುಗುವ ರೀತಿ ಬೇರೆ. ‘ಅವೇ ಐದು ಸ್ವರ, ನಡೆ ಬೇರೆ, ಕೇಳಿ’ ಅನ್ನು. ಸಾಕು.

‘ವರ್ಲ್ಡ್ ಮ್ಯೂಸಿಕ್’ ಎಂಬ ಹಣೆಪಟ್ಟಿಯ ಬಗ್ಗೆ ನೀನು ಕೇಳಿದ್ದೆ. ಆ ಮಾತು ಮುಂಚೆಯೂ ಇತ್ತು. ಅಂಗಡಿಗೆ ಅದು ಬಂದದ್ದು 1987ರ ಜೂನ್‌ನಲ್ಲಿ, ಲಂಡನ್ನಿನ ಎಂಪ್ರೆಸ್ ಆಫ್ ರಷ್ಯಾ ಎಂಬ ಪಬ್ಬಿನ ಮಹಡಿಯ ಮೇಲೆ. ಸಣ್ಣ ಸಣ್ಣ ರೆಕಾರ್ಡ್ ಕಂಪನಿಯವರು ಸೇರಿ, ತಮ್ಮ ರೆಕಾರ್ಡುಗಳನ್ನು ಅಂಗಡಿಯವರು ಯಾವ ಗೂಡಿನಲ್ಲಿ ಇಡಬೇಕು ಅಂತ ತಿಳಿಯದೆ ಒದ್ದಾಡುತ್ತಾರೆ, ಒಂದು ಹೆಸರು ಕೊಡೋಣ ಅಂತ ತೀರ್ಮಾನಿಸಿದರು. ಗ್ರ್ಯಾಮಿಯವರೂ ಆ ಹೆಸರಿನಲ್ಲಿ ಬಹುಮಾನ ಕೊಡುತ್ತಿದ್ದವರು 2020ರಲ್ಲಿ ‘ಗ್ಲೋಬಲ್’ ಅಂತ ಬದಲಾಯಿಸಿಕೊಂಡರು. ಅಂಗಡಿಯ ಗೂಡಿನ ಸಮಸ್ಯೆ ನಿನ್ನದಲ್ಲ. ಕಾರ್ಯಕ್ರಮಕ್ಕೆ ಏನಾದರೂ ಒಂದು ತೆಲುಗು ಹೆಸರಿಟ್ಟು ಮುಂದೆ ಹೋಗು.

ಈಗ ಕುರ್ಚಿಯಲ್ಲಿ ಕೂರುವ ವಿಷಯ. ಇದನ್ನು ಯಾರೂ ಹೇಳಿಕೊಡುವುದಿಲ್ಲ, ಎಲ್ಲರೂ ನಗುತ್ತಾರೆ. ನಾವು ಡ್ಯೂಟಿಗೆ ಹೋದರೆ ಮೊದಲು ಮಾಡುತ್ತಿದ್ದ ಕೆಲಸ ಗಾಜಿನ ಬಳೆ ಕಳಚಿ ಪರ್ಸಿಗೆ ಹಾಕುವುದು. ನಿನಗೆ ಬಳೆ ಇಲ್ಲ, ಆದರೆ ಸ್ಟೀಲಿನ ವಾಚು ಇದೆ, ಬೈಕಿನ ಕೀಗೊಂಚಲಿದೆ, ಎರಡೂ ಹೊರಗೆ. ಕ್ಯೂ ಶೀಟಿಗೆ ಪಿನ್ ಹೊಡೆಯಬೇಡ. ಹಾಳೆ ಬಿಡಿಬಿಡಿಯಾಗಿದ್ದರೆ ಮಗುಚದೆ ಪಕ್ಕಕ್ಕೆ ಸರಿಸಬಹುದು, ಸದ್ದಾಗುವುದಿಲ್ಲ. ಮೈಕಿಗೂ ಬಾಯಿಗೂ ಒಂದು ಗೇಣು. ಮುಖ ನೇರ ಬೇಡ, ಒಂದು ಚೂರು ಓರೆ, ಇಲ್ಲವಾದರೆ ಪ, ಬ, ಭ ಬಂದಾಗೆಲ್ಲ ಉಸಿರು ಮೈಕಿಗೆ ಬಡಿಯುತ್ತದೆ. ನಿನ್ನ ಪಟ್ಟಿಯಲ್ಲಿ ಬುರ್ಕಿನಾ ಫಾಸೊ, ಬೆನಿನ್, ಬ್ರೆಜಿಲ್ ಮೂರೂ ಇವೆ, ಈಗಲೇ ಅಭ್ಯಾಸ ಮಾಡು.

ಹೆಸರಿನ ಉಚ್ಚಾರ. ಇದು ನನ್ನ ಹಠ ಅಂತಲೇ ಇಟ್ಟುಕೊ. ಕಲಾವಿದ ತನ್ನ ಹೆಸರನ್ನು ತಾನೇ ಹೇಳಿಕೊಂಡ ಸಂದರ್ಶನ ಎಲ್ಲಾದರೂ ಇರುತ್ತದೆ, ಹುಡುಕಿ ಕೇಳು, ಕ್ಯೂ ಶೀಟಿನ ಪಕ್ಕದಲ್ಲಿ ಕನ್ನಡದಲ್ಲಿ ಬರೆದುಕೊ. ಕೇಪ್ ವರ್ಡೆಯ ಆ ಬರಿಗಾಲ ಗಾಯಕಿ ಸೆಝಾರಿಯಾ ಎವೊರಾ. ಅವರನ್ನು ನೀನು ಇಂಗ್ಲಿಷಿನ ಅಕ್ಷರ ನೋಡಿ ಏನೋ ಅಂದುಬಿಟ್ಟರೆ, ಮಂಗಳಂಪಲ್ಲಿಯವರನ್ನು ದೆಹಲಿಯವರು ‘ಮಂಗಲಂಪಲ್ಲಿ’ ಅಂದಾಗ ನಿನ್ನ ಗೆಳೆಯರಿಗೆ ಹೇಗಾಗುತ್ತದೋ ಹಾಗೇ ಅಲ್ಲಿಯವರಿಗೂ. ಕನ್ನಡ ಲಿಪಿ ಈ ವಿಷಯದಲ್ಲಿ ಬಲು ಉಪಕಾರಿ. ನಮ್ಮ ಕೈಯಲ್ಲಿ ಅದಿದ್ದೂ ತಪ್ಪಾಗಿ ಹೇಳಿದರೆ ಸೋಮಾರಿತನವೇ ಹೊರತು ಬೇರೆ ಅಲ್ಲ.

ಸಮಯವನ್ನು ಹಿಂದಿನಿಂದ ಲೆಕ್ಕ ಹಾಕು. ಕೊನೆಯದು ಯಾವಾಗಲೂ ವಾದ್ಯ ಸಂಗೀತವಾಗಿರಲಿ. ಮುಗಿಸುವ ಮಾತಿಗೆ ಅದನ್ನು ಮೆಲ್ಲಗೆ ಇಳಿಸಬಹುದು. ಹಾಡನ್ನು ನಡುವೆ ಇಳಿಸಿದರೆ ಹಾಡುವವರ ಬಾಯಿ ಮುಚ್ಚಿಸಿದ ಹಾಗೆ ಕೇಳಿಸುತ್ತದೆ. ಮತ್ತೆ, ಒಂದು ಹಾಡು ಮುಗಿದ ತಕ್ಷಣ ಮಾತಿಗೆ ಹಾರಬೇಡ. ಎರಡು ಸೆಕೆಂಡು ಬಿಡು. ಕೈರೋದಲ್ಲಿ ಉಮ್ ಕುಲ್ಸುಮ್ ಪ್ರತಿ ತಿಂಗಳ ಮೊದಲ ಗುರುವಾರ ರಾತ್ರಿ ಬಾನುಲಿಯಲ್ಲಿ ಹಾಡುತ್ತಿದ್ದರು. ಒಂದೊಂದು ಹಾಡು ಒಂದು ಗಂಟೆಯವರೆಗೂ ಬೆಳೆಯುತ್ತಿತ್ತು, ಅರಬ್ ದೇಶಗಳ ಬೀದಿಗಳೇ ಖಾಲಿಯಾಗುತ್ತಿದ್ದವು ಎನ್ನುತ್ತಾರೆ. ನೀನು ಅವರ ಹಾಡಿಗೆ ಎರಡು ನಿಮಿಷ ನಲವತ್ತು ಸೆಕೆಂಡು ಕೊಟ್ಟಿದ್ದೀಯ! ಅಷ್ಟು ಹೊತ್ತಿಗೆ ಅವರ ಪಿಟೀಲಿನವರು ಇನ್ನೂ ಪೀಠಿಕೆಯಲ್ಲೇ ಇರುತ್ತಾರೆ. ಇಪ್ಪತ್ತು ನಿಮಿಷ ಕೊಡು, ಇಲ್ಲವಾದರೆ ಇನ್ನೊಂದು ವಾರ ಪೂರ್ತಿ ಅವರಿಗೇ ಬಿಡು.

ಹಕ್ಕುಸ್ವಾಮ್ಯದ ಕಾಗದ ಪತ್ರ ಆಗಿದೆಯೇ ಅಂತ ಕಾಲೇಜಿನವರನ್ನು ಕೇಳಿಕೊ. ರಚನೆಗೆ ಒಂದು ಹಕ್ಕು, ಧ್ವನಿಮುದ್ರಣಕ್ಕೆ ಇನ್ನೊಂದು, ಎರಡೂ ಬೇರೆ. ‘ಯಾರೂ ಕೇಳುವುದಿಲ್ಲ ಬಿಡಿ’ ಅನ್ನುವವರ ಮಾತು ಕೇಳಬೇಡ.

ಭಾಷೆ ತೆಲುಗೇ ಇರಲಿ. ನಿನ್ನ ತೆಲುಗಿನಲ್ಲಿ ಮೈಸೂರಿನ ವಾಸನೆ ಬಂದರೆ ಬರಲಿ, ಅಲ್ಲಿಯವರು ತಿದ್ದುತ್ತಾರೆ, ತಿದ್ದುವವರು ಆಮೇಲೆ ಕೇಳುಗರಾಗಿ ಉಳಿಯುತ್ತಾರೆ. ಮಂಗಳೂರಿನ ಸಂತ ಅಲೋಶಿಯಸ್ ಸಂಸ್ಥೆಯ ಸಾರಂಗ್ ಬಾನುಲಿ ಕನ್ನಡ, ತುಳು, ಕೊಂಕಣಿ, ಬ್ಯಾರಿ ಎಲ್ಲದರಲ್ಲೂ ಮಾತಾಡುತ್ತದೆ, ಅದಕ್ಕೇ ಅದು ಕ್ಯಾಂಪಸ್ಸಿನ ಗೋಡೆ ದಾಟಿದೆ. ನಿನ್ನ ಗಂಟೆಯೂ ಹಾಸ್ಟೆಲ್ ಹುಡುಗರಿಗೆ ಮಾತ್ರ ಅಂದುಕೊಳ್ಳಬೇಡ. ಕಳೆದ ಸಲ ಬಂದಾಗ ನಾವು ಸೀರೆ ನೋಡಲು ಹೋದ ಮನೆ ನೆನಪಿದೆಯಲ್ಲ? ನೆಲದ ಗುಂಡಿಯಲ್ಲಿ ಕಾಲು ಇಳಿಬಿಟ್ಟು ಮಗ್ಗದಲ್ಲಿ ಕೂತ ಆ ಯಜಮಾನರು, ಪಕ್ಕದ ಗೂಡಿನಲ್ಲಿ ಫೋನು, ಅದರಲ್ಲಿ ಘಂಟಸಾಲರ ಹಾಡು. ಲಾಳಿ ಆ ಕಡೆ ಈ ಕಡೆ ಓಡುವ ಸದ್ದಿಗೆ ಹಾಡಿನ ಮೆಲುದನಿಯೆಲ್ಲ ಮುಚ್ಚಿಹೋಗುತ್ತಿತ್ತು, ಪಲ್ಲವಿ ಮಾತ್ರ ಕೇಳುತ್ತಿತ್ತು. ಅವರು ಕೇಳಬೇಕಾದರೆ ನೀನು ಪಿಸುಗುಟ್ಟುವ ಪಿಯಾನೊದಿಂದ ಶುರು ಮಾಡಿದರೆ ಆಗದು. ಮೊದಲ ಹತ್ತು ನಿಮಿಷ ಮಗ್ಗದ ಸದ್ದನ್ನು ಮೀರುವ ದನಿ ಇರಲಿ, ಆಮೇಲೆ ಇಳಿಸು. ಒಂದು ದಿನ ಅವರ ಒಪ್ಪಿಗೆ ಪಡೆದು ಮಗ್ಗದ ಪಕ್ಕದಲ್ಲೇ ಫೋನಿಟ್ಟು ನಿನ್ನ ಕಾರ್ಯಕ್ರಮ ಕೇಳಿ ನೋಡು, ಸ್ಟುಡಿಯೋದ ಹೆಡ್‌ಫೋನಿನಲ್ಲಿ ತಿಳಿಯದ್ದು ಅಲ್ಲಿ ತಿಳಿಯುತ್ತದೆ.

ಹದಿನೇಳರಲ್ಲಿ ಒಂಬತ್ತು ಹೊಡೆದುಹಾಕಿ ಹೊಸ ಪಟ್ಟಿ ಬುಧವಾರದೊಳಗೆ ಕಳಿಸು. ಪ್ರತಿ ಹೆಸರಿನ ಪಕ್ಕ ಉಚ್ಚಾರ, ಪ್ರತಿ ಹಾಡಿನ ಪಕ್ಕ ನಿಮಿಷ ಸೆಕೆಂಡು, ಎರಡೆರಡು ಹಾಡಿನ ನಡುವೆ ನೀನು ಹೇಳುವ ಮಾತು, ಎಲ್ಲ ಪೂರ್ತಿ ಬರೆದಿರಬೇಕು. ಹೊಡೆದುಹಾಕಿದ ಒಂಬತ್ತನ್ನು ಎಸೆಯಬೇಡ, ಮುಂದಿನ ಶನಿವಾರಗಳಿಗೆ ಬೇಕಾಗುತ್ತವೆ.